ಮಂಗಳೂರಿಂದ ಮುರುಡೇಶ್ವರ, ಜುಲೈ ಮಳೆ, ಜೊತೆಗೆ ಅಮ್ಮ: ಒಂದೇ ದಿನದಲ್ಲಿ ಆಗುತ್ತಾ?

ಬೆಣ್ಣೆದೋಸೆ (ಶುಕ್ರವಾರ, ರಾತ್ರಿ 8:40)
ಎಲ್ಲರಿಗೂ ನಮಸ್ಕಾರ. ಕೆಲಸಕ್ಕೆ ಅಂತ ಮಂಗಳೂರಿಗೆ ಬಂದು ಎಂಟು ತಿಂಗಳಾಯ್ತು. ಊರು ದಾವಣಗೆರೆ ಹತ್ತಿರ ಒಂದು ಹಳ್ಳಿ. ಈಗ ಅಮ್ಮ ಬಂದಿದ್ದಾರೆ. ಅವರು ಸಮುದ್ರ ನೋಡಿದ್ದು ಒಂದೇ ಸಲ. ಧರ್ಮಸ್ಥಳ, ಉಡುಪಿ ಅಂತ ಹೋದ ಬಸ್ಸಿನವರು ಮಲ್ಪೆಯಲ್ಲಿ ಹದಿನೈದು ನಿಮಿಷ ಬಿಟ್ಟಿದ್ದರಂತೆ. ಈಗ ಮಳೆಗಾಲದ ಸಮುದ್ರ ನೋಡಬೇಕು ಅಂತ ಹಟ. "ನಮ್ಮೂರ ಕೆರೆ ಕೋಡಿ ಬಿದ್ದಂಗೆ ಇರ್ತೈತೇನು?" ಅಂತ ಕೇಳ್ತಾರೆ.

ಭಾನುವಾರ ಬೆಳಿಗ್ಗೆ 7ಕ್ಕೆ ಹೊರಟು ಕಾಪು, ಮಲ್ಪೆ, ಮರವಂತೆ, ಮುರುಡೇಶ್ವರ ನೋಡಿ ರಾತ್ರಿ 8ಕ್ಕೆ ವಾಪಸ್ ಬರೋಣ ಅಂತ ಲೆಕ್ಕ ಹಾಕಿದ್ದೇನೆ. ಒಂಬತ್ತು ವರ್ಷದ ಹಳೇ ಸಣ್ಣ ಕಾರು. ಅಮ್ಮನಿಗೆ ಮಂಡಿನೋವು, ಜಾಸ್ತಿ ನಡೆಯೋಕಾಗಲ್ಲ. ರಸ್ತೆ ಹೇಗಿದೆ? ಗಾಜು ಮಂಜು ಹಿಡಿದರೆ ಏನು ಮಾಡಬೇಕು? ಊಟ ಎಲ್ಲಿ? ಅಮ್ಮ ಸಸ್ಯಾಹಾರಿ. ನಾನೂ ಸಸ್ಯಾಹಾರಿಯೇ, ಅಮ್ಮ ಜೊತೆಗಿದ್ದಾಗ.

ಕುಂದಾಪ್ರದ ಮಾಣಿ
ಹ್ವಾಯ್, ಬನ್ನಿ ಬನ್ನಿ. ಆದರೆ ನಾಲ್ಕು ಜಾಗ ಜಾಸ್ತಿ ಆಯ್ತು ಮಾರ್ರೆ. ಮುರುಡೇಶ್ವರಕ್ಕೆ ಒಂದು ಕಡೆಗೇ 150 ಕಿ.ಮೀ. ಮೇಲಿದೆ. ಬೇಸಿಗೆಯ ಲೆಕ್ಕ ಮಳೆಗೆ ಹಾಕಬೇಡಿ.

ಮಳೆಹುಚ್ಚಿ
ಕೊನೇ ಸಾಲು ಓದಿ ಚಹಾ ಮೂಗಿಗೆ ಹೋಯ್ತು 😂

ಟಯರ್ ಪುರಾಣ
ರಸ್ತೆ ಆಮೇಲೆ, ಮೊದಲು ಕಾರು ನೋಡಿ. ಟಯರಿನ ಗೀರು ಎಷ್ಟು ಆಳ ಇದೆ? ಕಾನೂನಿನ ಪ್ರಕಾರ 1.6 ಮಿ.ಮೀ. ಇದ್ದರೆ ಸಾಕು. ಕರಾವಳಿ ಮಳೆಗೆ ಅದು ಸಾಲದು, 3 ಮಿ.ಮೀ. ಆದರೂ ಇರಲಿ. ಗೀರು ಸವೆದಿದ್ದರೆ ನೀರಿಗೆ ಹೊರಗೆ ಹೋಗಲು ದಾರಿ ಇರಲ್ಲ. 80ರಲ್ಲಿ ಹೋಗುವಾಗ ಕಾರು ನೀರಿನ ಮೇಲೆ ತೇಲಿಬಿಡುತ್ತೆ. ಆಗ ಸ್ಟಿಯರಿಂಗ್ ನಿಮ್ಮ ಕೈಯಲ್ಲಿರುತ್ತೆ ಅಷ್ಟೇ, ಕಾರು ಇರಲ್ಲ.

ಎರಡನೇದು ವೈಪರ್. ಒಂಬತ್ತು ವರ್ಷದ ಕಾರು ಅಂದಿರಿ. ರಬ್ಬರ್ ಯಾವಾಗ ಬದಲಾಯಿಸಿದ್ದು? ಬಿಸಿಲಿಗೆ ಒಣಗಿ ಬಿರುಕು ಬಿಟ್ಟ ರಬ್ಬರ್ ಮಳೆ ಜೋರಾದ ದಿನವೇ ಕೈಕೊಡುವುದು. ನಾಳೆ ಶನಿವಾರ, ಅಂಗಡಿ ತೆಗೆದಿರುತ್ತೆ. ಹತ್ತು ನಿಮಿಷದ ಕೆಲಸ.

ಬೆಣ್ಣೆದೋಸೆ
ಟಯರ್ ಹೋದ ವರ್ಷ ಹಾಕಿಸಿದ್ದು, ಚೆನ್ನಾಗಿವೆ. ವೈಪರ್ ಸ್ವಲ್ಪ ಕಿರ್ ಅನ್ನುತ್ತೆ, ಅಷ್ಟೇ. ನಡೆಯುತ್ತೆ ಬಿಡಿ.

ಟಯರ್ ಪುರಾಣ
"ನಡೆಯುತ್ತೆ ಬಿಡಿ." ಸರಿ.

ಹಳೇ ಲಾರಿ
ವೈಪರ್ ಕೈಕೊಟ್ಟರೆ ಹೊಗೆಸೊಪ್ಪು. ಒಂದು ಎಲೆ ಒದ್ದೆ ಮಾಡಿ ಗಾಜಿಗೆ ತಿಕ್ಕಿ. ಹನಿ ನಿಲ್ಲಲ್ಲ, ನೀರು ಹಾಳೆ ಥರ ಇಳಿದು ಹೋಗುತ್ತೆ. ಇಪ್ಪತ್ತೆರಡು ವರ್ಷ ಲಾರಿ ಓಡಿಸಿದ್ದೇನೆ, ನಮ್ಮ ಕಾಲದಲ್ಲಿ ಎಲ್ಲರ ಗಾಡಿಯಲ್ಲೂ ಇರ್ತಿತ್ತು. ಆಲೂಗಡ್ಡೆ ಕೊಯ್ದು ತಿಕ್ಕುವವರೂ ಇದ್ದರು.

ಟಯರ್ ಪುರಾಣ
ದಯವಿಟ್ಟು ಇಂಥದ್ದೆಲ್ಲ ಹೇಳಬೇಡಿ ಅಣ್ಣಾ. ಜನ ನಿಜ ಅಂದುಕೊಳ್ತಾರೆ.

ಹಳೇ ಲಾರಿ
ನಿಜ ಅಂತಲೇ ಹೇಳಿದ್ದು.

ಸುರತ್ಕಲ್ ಸುಬ್ಬಿ
ಗಾಜಿನ ಮಂಜಿಗೆ ಉತ್ತರ ಸುಲಭ. ಹೀಟರ್ ಹಾಕಿ.

ಗಾಜಿನ ಮನೆ
ಅರ್ಧ ಸರಿ. ಮಂಜು ಒಳಗಾ ಹೊರಗಾ ಅಂತ ಮೊದಲು ನೋಡಿ. ಬೆರಳಲ್ಲಿ ಗೀಚಿದರೆ ಗೊತ್ತಾಗುತ್ತೆ.

ಒಳಗೆ ಹಿಡಿದಿದ್ದರೆ ಅದು ನಿಮ್ಮ ಉಸಿರು, ಒದ್ದೆ ಬಟ್ಟೆ, ಒದ್ದೆ ಕೊಡೆಯ ತೇವ. ಎಸಿ ಹಾಕಿ ಗಾಳಿಯನ್ನು ಗಾಜಿನ ಕಡೆ ತಿರುಗಿಸಿ. ಹೊರಗಿನ ಗಾಳಿ ಬರುವ ಬಟನ್ ಒತ್ತಿ. ಎಸಿ ತೇವ ಹೀರುತ್ತೆ, ಅರ್ಧ ನಿಮಿಷದಲ್ಲಿ ತಿಳಿಯಾಗುತ್ತೆ. ಬರೀ ಹೀಟರ್ ಹಾಕಿದರೆ ನಿಧಾನ, ಮೇಲಿಂದ ನೀವು ಒಳಗೆ ಬೆಂದುಹೋಗ್ತೀರಿ.

ಹೊರಗೆ ಹಿಡಿದಿದ್ದರೆ ಕಥೆ ಉಲ್ಟಾ. ಎಸಿ ಜಾಸ್ತಿ ತಣ್ಣಗಾಗಿ ಗಾಜೇ ತಣ್ಣಗಾಗಿದೆ ಅಂತ ಅರ್ಥ. ಹೊರಗಿನ ತೇವದ ಗಾಳಿ ಅದರ ಮೇಲೆ ಕೂರುತ್ತೆ, ಫ್ರಿಜ್ಜಿಂದ ತೆಗೆದ ಬಾಟಲಿ ಬೆವರುತ್ತಲ್ಲ, ಹಾಗೆ. ವೈಪರ್ ಒಂದು ಸಲ ಹಾಕಿ, ಎಸಿ ಕಮ್ಮಿ ಮಾಡಿ, ಗಾಳಿ ಗಾಜಿಗೆ ಬೀಳದ ಹಾಗೆ ತಿರುಗಿಸಿ. ನಮ್ಮ ಕಡೆ ಜುಲೈಯಲ್ಲಿ ಎರಡೂ ಆಗುತ್ತೆ, ಕೆಲವು ಸಲ ಒಂದೇ ಗಂಟೆಯೊಳಗೆ.

ಸುರತ್ಕಲ್ ಸುಬ್ಬಿ
ಹೋ, ನಾನು ಇಷ್ಟು ವರ್ಷ ಬೇಯ್ತಾ ಇದ್ದೆ ಹಾಗಾದ್ರೆ.

ಬೈಂದೂರು ಬಸ್‌ಸ್ಟ್ಯಾಂಡ್
ಮಳೆಯಲ್ಲಿ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಓಡಿಸಿ. ಹಿಂದಿನವರಿಗೆ ಕಾಣುತ್ತೆ.

ಟಯರ್ ಪುರಾಣ
ಬೇಡ! ಅದು ನಿಂತ ಗಾಡಿಗೆ. ಓಡುವಾಗ ಹಾಕಿದರೆ ನೀವು ಎಡಕ್ಕೆ ಹೋಗ್ತೀರಾ, ಬಲಕ್ಕೆ ಹೋಗ್ತೀರಾ, ನಿಂತೇ ಹೋಗಿದ್ದೀರಾ, ಯಾರಿಗೂ ಗೊತ್ತಾಗಲ್ಲ. ಹೆಡ್‌ಲೈಟ್ ಡಿಮ್‌ನಲ್ಲಿ ಹಾಕಿ, ಹಿಂದಿನ ಕೆಂಪು ದೀಪ ತಾನಾಗಿ ಹತ್ತುತ್ತೆ. ಸಾಕು.

ಬೈಂದೂರು ಬಸ್‌ಸ್ಟ್ಯಾಂಡ್
ಎಲ್ಲರೂ ಹಾಕ್ತಾರಲ್ಲ.

ಟಯರ್ ಪುರಾಣ
ಎಲ್ಲರೂ ರಾಂಗ್ ಸೈಡಲ್ಲೂ ಬರ್ತಾರೆ.

ಹೊನ್ನಾವರ ಹೆಂಚು (ಶನಿವಾರ, ಬೆಳಿಗ್ಗೆ 7:15)
ಅಮ್ಮ ಟಿವಿಯಲ್ಲಿ ಶಿರೂರು ಗುಡ್ಡ ಕುಸಿದಿದ್ದು ನೋಡಿದ್ದರೆ ಹೆದರಬಹುದು. ನೀವು ಹೋಗುವ ದಾರಿಯಲ್ಲೂ ಶಿರೂರು ಸಿಗುತ್ತೆ, ಟೋಲ್ ಇರುವುದು ಅಲ್ಲೇ. ಹುಷಾರು.

ಕುಂದಾಪ್ರದ ಮಾಣಿ
ತಡೀರಿ, ಇವೆರಡೂ ಬೇರೆ ಬೇರೆ. ಟೋಲ್ ಇರುವ ಶಿರೂರು ಬೈಂದೂರು ತಾಲೂಕಿನದ್ದು. 2024ರ ಜುಲೈ 16ಕ್ಕೆ ಗುಡ್ಡ ಕುಸಿದು ಹೆದ್ದಾರಿಯ ಚಹಾ ಅಂಗಡಿ, ಲಾರಿ ಎಲ್ಲ ಗಂಗಾವಳಿ ನದಿಗೆ ಕೊಚ್ಚಿಹೋಗಿದ್ದು ಅಂಕೋಲಾ ತಾಲೂಕಿನ ಶಿರೂರಲ್ಲಿ. ಅದು ಹೊನ್ನಾವರ, ಕುಮಟಾ ದಾಟಿದ ಮೇಲೆ. ಮುರುಡೇಶ್ವರಕ್ಕೆ ಹೋಗುವವರಿಗೆ ಅದು ಸಿಗೋದೇ ಇಲ್ಲ. ಹೊನ್ನಾವರದವರೇ ಹೀಗೆ ಹೇಳಿದರೆ ಹೇಗೆ?

ಹೊನ್ನಾವರ ಹೆಂಚು
ತಪ್ಪಾಯ್ತು. ಬೆಳಿಗ್ಗೆ ಚಹಾ ಆಗಿರಲಿಲ್ಲ. ಆದರೆ ಬೈಂದೂರು ದಾಟಿದ ಮೇಲೆ ಒತ್ತಿನೆಣೆ ಗುಡ್ಡ ಇದೆಯಲ್ಲ, ಅಲ್ಲೂ ಮಳೆಗೆ ಮಣ್ಣು ಜಾರಿದ್ದು ಉಂಟು. ಅದು ಮಾತ್ರ ದಾರಿಯಲ್ಲೇ.

ಕೆಂಪುಮಣ್ಣು
ಒತ್ತಿನೆಣೆ ಕಥೆ ಮಣ್ಣಿನದ್ದು. ಮೇಲೆ ಗಟ್ಟಿ ಮುರಕಲ್ಲು, ಕೆಳಗೆ ಬಿಳಿ ಶೇಡಿ ಮಣ್ಣು. ಒಣಗಿದ್ದಾಗ ಗೋಡೆ ಥರ ನಿಂತಿರುತ್ತೆ. ನೀರು ಕುಡಿದರೆ ಪೇಸ್ಟ್. ನಾಲ್ಕು ಪಥ ಮಾಡುವಾಗ ಗುಡ್ಡವನ್ನು ನೆಟ್ಟಗೆ ಕೊಯ್ದರೆ ಮೇಲಿನ ಭಾರ ಯಾರು ಹೊರಬೇಕು? ನಮ್ಮಜ್ಜ ಬಾವಿ ತೋಡಿಸುವಾಗ ಶೇಡಿ ಸಿಕ್ಕಿದ ಕೂಡಲೇ ಕೆಲಸ ನಿಲ್ಲಿಸಿ, ಸುತ್ತ ಕಲ್ಲು ಕಟ್ಟಿಸಿ, ಆಮೇಲೇ ಮುಂದಕ್ಕೆ ಇಳಿಸುತ್ತಿದ್ದರು. ಎಂಜಿನಿಯರಿಂಗ್ ಓದಿದವರಲ್ಲ ಅವರು.

ಅಂಥ ಕಡೆ ಫೋಟೋಗೆ ನಿಲ್ಲಬೇಡಿ. ಗುಡ್ಡದ ಬುಡದಲ್ಲಿ ಕೆಂಪು ನೀರು ಜೋರಾಗಿ ಬರ್ತಿದ್ದರೆ ನಿಧಾನ ಮಾಡಿ ನೋಡೋಣ ಅನ್ನಬೇಡಿ, ದಾಟಿಬಿಡಿ.

ಮಳೆಹುಚ್ಚಿ
ಅಮ್ಮನನ್ನು ಕರೆದುಕೊಂಡು ಹೋಗುವವನಿಗೆ ನೀವೆಲ್ಲ ಸೇರಿ ಹೆದರಿಸ್ತಾ ಇದ್ದೀರಿ. ಬೆಣ್ಣೆದೋಸೆ ಅವರೇ, ನಾನು ಪ್ರತೀ ಜುಲೈಯಲ್ಲಿ ಹೋಗ್ತೇನೆ. ಹೆದ್ದಾರಿ ಚೆನ್ನಾಗಿದೆ. ಸೇತುವೆಗಳ ಮೇಲೆ ಹೊಳೆ ನೋಡೋದೇ ಒಂದು ಖುಷಿ. ಗದ್ದೆಗಳೆಲ್ಲ ನಾಟಿ ಮುಗಿದು ಹಸಿರು.

ಹವಾಮಾನ ಹನುಮ
ಒಂದೇ ಷರತ್ತು, ಆವತ್ತಿನ ಅಲರ್ಟ್ ನೋಡಿ ಹೊರಡಿ. ಹವಾಮಾನ ಇಲಾಖೆ ಲೆಕ್ಕದಲ್ಲಿ 24 ಗಂಟೆಗೆ 204.4 ಮಿ.ಮೀ. ದಾಟಿದರೆ 'ಅತ್ಯಂತ ಭಾರೀ'. ನಿಮ್ಮ ದಾವಣಗೆರೆಗೆ ವರ್ಷಪೂರ್ತಿ ಬೀಳುವ ಮಳೆಯ ಹೆಚ್ಚುಕಮ್ಮಿ ಮೂರನೇ ಒಂದು ಪಾಲು ಒಂದೇ ದಿನಕ್ಕೆ ಅಂದ ಹಾಗೆ. ರೆಡ್ ಇದ್ದರೆ ಮನೇಲಿ ಪತ್ರೊಡೆ ತಿಂದು ಮಲಗಿ.

ಬೆಣ್ಣೆದೋಸೆ
ಪತ್ರೊಡೆ ಅಂದರೆ?

ಸುರತ್ಕಲ್ ಸುಬ್ಬಿ
ಎಂಟು ತಿಂಗಳಿಂದ ಮಂಗಳೂರಲ್ಲಿದ್ದು ಪತ್ರೊಡೆ ಗೊತ್ತಿಲ್ವಾ!! ಕೆಸುವಿನ ಎಲೆಗೆ ಅಕ್ಕಿ, ಹುಣಸೆ, ಬೆಲ್ಲ, ಮೆಣಸು ರುಬ್ಬಿದ ಹಿಟ್ಟು ಸವರಿ, ಎಲೆ ಮೇಲೆ ಎಲೆ ಇಟ್ಟು, ಸುರುಳಿ ಸುತ್ತಿ ಬೇಯಿಸೋದು. ಮಾರನೇ ದಿನ ಕೊಯ್ದು ಒಗ್ಗರಣೆ ಹಾಕಿದರೆ ಇನ್ನೂ ರುಚಿ.

ಕುಂದಾಪ್ರದ ಮಾಣಿ
ಬೆಲ್ಲ ಕಮ್ಮಿ ಹಾಕಿ. ಮಂಗಳೂರಿನವರದ್ದು ಪಾಯಸ ಆಗಿಬಿಡುತ್ತೆ.

ಸುರತ್ಕಲ್ ಸುಬ್ಬಿ
ನಿಮ್ಮದು ತಿಂದರೆ ಗಂಟಲು ತುರಿಸುತ್ತೆ. ಹುಣಸೆ ಹಾಕೋಕೆ ಜಿಪುಣತನ.

ದುಬೈ ಕುಡ್ಲ
ಇಲ್ಲಿ 44 ಡಿಗ್ರಿ ಬಿಸಿಲು. ನೀವು ಪತ್ರೊಡೆಗೆ ಜಗಳ ಆಡ್ತಾ ಇದ್ದೀರಿ. ದೇವರು ನೋಡ್ತಾನೆ.

ಬಂಗುಡೆ
ಮೀನು ಕದ್ದು ತಿನ್ನುವ ಪ್ಲಾನ್ ಇದ್ದರೆ ಬಿಟ್ಟುಬಿಡಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ದೊಡ್ಡ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಸಮಯ. ನಾಡದೋಣಿಯವರು ಕಡಲು ತಣ್ಣಗಿದ್ದರೆ ಮಾತ್ರ ಹೋಗ್ತಾರೆ. ಈಗ ಹೋಟೆಲಲ್ಲಿ ಸಿಗುವುದರಲ್ಲಿ ಸುಮಾರು ಪೂರ್ವ ಕರಾವಳಿಯಿಂದ ಐಸಲ್ಲಿ ಬಂದದ್ದು. ಅಲ್ಲಿನ ರಜೆ ಜೂನ್ 14ಕ್ಕೇ ಮುಗಿದಿರುತ್ತೆ.

ಬೆಣ್ಣೆದೋಸೆ
ಅಮ್ಮ ಪಕ್ಕದಲ್ಲೇ ಕೂತಿದ್ದಾರೆ, ಮೀನಿನ ವಿಷಯ ಇಲ್ಲಿಗೇ ಸಾಕು 🙏

ಮಲ್ಪೆ ಮಾಮಿ
ಮಲ್ಪೆ ಬಿಡಿ. ಮಳೆಗಾಲಕ್ಕೆ ಸೇಂಟ್ ಮೇರಿಸ್ ದ್ವೀಪಕ್ಕೆ ಬೋಟ್ ಇರಲ್ಲ. ಜನ ನೀರಿಗೆ ಇಳಿಯಬಾರದು ಅಂತ ಬೀಚಲ್ಲಿ ಬಲೆ ಕಟ್ಟಿರ್ತಾರೆ. ಕಾಪುವಿನ ದೀಪಸ್ತಂಭ 1901ರದ್ದು, ನೋಡೋಕೆ ಚೆಂದ. ಆದರೆ ಬಂಡೆ ಜಾರುತ್ತೆ, ಮಂಡಿನೋವಿನವರಿಗೆ ಬೇಡವೇ ಬೇಡ. ಅಮ್ಮನಿಗೆ ಮರವಂತೆಯೇ ಸರಿ. ಕಾರಿನಿಂದ ಇಳಿಯದೇ ಕಡಲು ನೋಡಬಹುದು.

ಕುಂದಾಪ್ರದ ಮಾಣಿ
ಮಾಮಿ ಹೇಳಿದ್ದು ಸರಿ. ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ, ನಡುವೆ ಹೆದ್ದಾರಿ. ಹೊಳೆ ಕಡಲಿನ ಇಷ್ಟು ಹತ್ತಿರ ಬಂದೂ ಸೇರುವುದಿಲ್ಲ. ಅಲ್ಲಿಂದ ತೆಂಕಕ್ಕೆ ತಿರುಗಿ ಗಂಗೊಳ್ಳಿವರೆಗೆ ಹೋಗಿ ಅಲ್ಲಿ ಸೇರುತ್ತೆ. ನಮ್ಮ ಅಜ್ಜಿ "ಅದಕ್ಕೆ ಅತ್ತೆ ಮನೆಗೆ ಹೋಗ್ಲಿಕ್ಕೆ ಮನಸ್ಸಿಲ್ಲ" ಅಂತಿದ್ದರು.

ಹೆದ್ದಾರಿಯಲ್ಲೇ ಬ್ರೇಕ್ ಹೊಡೆದು ನಿಲ್ಲಿಸಬೇಡಿ, ಪಕ್ಕದಲ್ಲಿ ಜಾಗ ಇದೆ. ತಡೆಗೋಡೆ ಕಲ್ಲುಗಳ ಮೇಲೆ ಹತ್ತಬೇಡಿ. ಪ್ರತೀ ಮಳೆಗಾಲ ಯಾರಾದರೂ ಊರಿಗೆ ಹೊಸಬರು ಸೆಲ್ಫಿಗೆ ಹತ್ತುತ್ತಾರೆ, ಹುಡುಕಲು ನಮ್ಮ ಊರಿನ ಹುಡುಗರು ಇಳಿಯಬೇಕಾಗುತ್ತೆ.

ಟಯರ್ ಪುರಾಣ
ಕಡಲ ನೀರು ಹಾರಿ ಕಾರಿನ ಮೇಲೆ ಬಿದ್ದರೆ ಮನೆಗೆ ಬಂದು ಸಿಹಿನೀರಲ್ಲಿ ತೊಳೆಯಿರಿ, ಮುಖ್ಯವಾಗಿ ಅಡಿಭಾಗ. ರಸ್ತೆ ಮೇಲೆ ನೀರು ನಿಂತಿದ್ದರೆ ಅರ್ಧ ಚಕ್ರಕ್ಕಿಂತ ಜಾಸ್ತಿ ಇದ್ದ ಕಡೆ ಇಳಿಯಬೇಡಿ. ನೀರಲ್ಲಿ ಎಂಜಿನ್ ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡಬೇಡಿ, ಒಳಗೆ ನೀರು ಎಳೆದುಕೊಂಡರೆ ಎಂಜಿನ್ನೇ ಹೋಗುತ್ತೆ. ಮತ್ತೆ ವೈಪರ್. ಇನ್ನೂ ಅಂಗಡಿ ಮುಚ್ಚಿಲ್ಲ.

ಬೆಣ್ಣೆದೋಸೆ (ಭಾನುವಾರ, ರಾತ್ರಿ 10:05)
ಬಂದು ಮುಟ್ಟಿದೆವು. ಮೊದಲೇ ಹೇಳಿಬಿಡ್ತೇನೆ, ಟಯರ್ ಪುರಾಣ ಅವರು ನಗಬಹುದು.

ಬೆಳಿಗ್ಗೆ ಯೆಲ್ಲೋ ಅಲರ್ಟ್ ಇತ್ತು, ಹೊರಟೆವು. ಉಡುಪಿ ದಾಟುವವರೆಗೆ ಜಿಟಿಜಿಟಿ. ಕುಂದಾಪುರದಲ್ಲಿ ಗೋಳಿಬಜೆ, ಬನ್ಸ್ ತಿಂದೆವು. ಅಮ್ಮ ಬನ್ಸನ್ನು ಮುರಿದು ಮೂಸಿ ನೋಡಿ "ಇದರಾಗೆ ಬಾಳೆಹಣ್ಣು ಹಾಕ್ಯಾರೆ" ಅಂತ ಕಂಡುಹಿಡಿದರು. ಸಪ್ಲೈಯರ್ ಖುಷಿಯಾಗಿ ಇನ್ನೊಂದು ತಂದಿಟ್ಟ.

ತ್ರಾಸಿ ಹತ್ತಿರ ಮಳೆ ಸುರಿಯೋಕೆ ಶುರುವಾಯ್ತು. ನಮ್ಮೂರಲ್ಲಿ ಮಳೆ ಹನಿಹನಿಯಾಗಿ ಬರುತ್ತೆ. ಇದು ಯಾರೋ ಮೇಲಿಂದ ಕೊಡ ಬಗ್ಗಿಸಿದ ಹಾಗೆ. ವೈಪರ್ ಫುಲ್ ಸ್ಪೀಡಿಗೆ ಹಾಕಿದೆ. ಎರಡು ನಿಮಿಷ ಆಗಿಲ್ಲ, ನನ್ನ ಕಡೆಯ ರಬ್ಬರ್ ಕಿತ್ತುಬಂದು ಹಾವಿನ ಪೊರೆ ಥರ ಗಾಜಿನ ಮೇಲೆ ಒದ್ದಾಡತೊಡಗಿತು. ಕಬ್ಬಿಣ ಗಾಜಿಗೆ ಕರ್ ಕರ್. ಆಫ್ ಮಾಡಿ, ಹೆಡ್‌ಲೈಟ್ ಹಾಕಿ, ತೆವಳಿಕೊಂಡು ಮರವಂತೆಯಲ್ಲಿ ಪಕ್ಕಕ್ಕೆ ನಿಲ್ಲಿಸಿದೆ.

ಹತ್ತೂಮುಕ್ಕಾಲರಿಂದ ಹನ್ನೆರಡೂವರೆವರೆಗೆ ಅಲ್ಲೇ. ಬೇರೆ ದಾರಿ ಇರಲಿಲ್ಲ. ಅಮ್ಮನ ಕಡೆ ಕಿಟಕಿಯಲ್ಲಿ ಕಡಲು. ಗಾಜು ನಾಲ್ಕು ಬೆರಳು ಇಳಿಸಿದ್ದೆ. ಅಲೆ ಕಲ್ಲಿಗೆ ಬಡಿದಾಗ ಸದ್ದಿಗಿಂತ ಮೊದಲು ಸೀಟು ನಡುಗುತ್ತೆ. ನೀರು ನೀಲಿ ಇಲ್ಲ, ಬೂದಿ ಕದಡಿದ ಹಾಗೆ. ಅಮ್ಮ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ "ಆ ಕಡೆ ದಂಡೆ ಎಲ್ಲೈತಪ್ಪಾ?" ಅಂದರು. ಇಲ್ಲಮ್ಮ ಅಂದೆ. ನಂಬಿದ ಹಾಗೆ ಕಾಣಲಿಲ್ಲ. ತಿರುಗಿ ನನ್ನ ಕಡೆ ಕಿಟಕಿಯಿಂದ ಹೊಳೆ ನೋಡಿದರು. ಅದು ಕೆಂಪಗೆ, ಅಗಲವಾಗಿ, ಸದ್ದಿಲ್ಲದೆ ಹೋಗ್ತಾ ಇತ್ತು. "ಇತ್ಲಾಗಿನ ನೀರು ಇಷ್ಟು ಸುಮ್ನೈತಿ. ಅತ್ಲಾಗಿಂದು ಯಾಕೆ ಹಂಗಾಡ್ತೈತಿ?" ಕುಂದಾಪ್ರದ ಮಾಣಿ ಅವರ ಅಜ್ಜಿಯ ಮಾತು ಹೇಳಿದೆ. ನಗು ತಡೆಯೋಕೆ ಆಗಲಿಲ್ಲ ಅವರಿಗೆ.

ಮಳೆ ಸ್ವಲ್ಪ ಕಮ್ಮಿಯಾಯ್ತು, ಪೂರ್ತಿ ನಿಲ್ಲಲಿಲ್ಲ. ಆಗ ಹಳೇ ಲಾರಿ ಅಣ್ಣ ಹೇಳಿದ್ದು ನೆನಪಾಯ್ತು. ಅಮ್ಮನ ಎಲೆಅಡಿಕೆ ಚೀಲದಲ್ಲಿ ಹೊಗೆಸೊಪ್ಪು ಇದ್ದೇ ಇರುತ್ತೆ! ಕೇಳಿದರೆ "ಗಾಡಿಗೂ ಚಟ ಹಿಡೀತೇನೋ" ಅಂತ ಬೈದು ಅರ್ಧ ಎಲೆ ಕೊಟ್ಟರು, ಪೂರ್ತಿ ಕೊಡಲಿಲ್ಲ. ಒದ್ದೆ ಮಾಡಿ ತಿಕ್ಕಿದೆ. ನಿಜವಾಗಿಯೂ ನೀರು ಹಾಳೆಯಾಗಿ ಇಳಿಯಿತು. ಎಡಗಡೆ ಲೇನಲ್ಲಿ, 30ರಲ್ಲಿ ಕುಂದಾಪುರಕ್ಕೆ ವಾಪಸ್ ಬಂದೆ. ಭಾನುವಾರ ಅಂತ ಎರಡು ಅಂಗಡಿ ಮುಚ್ಚಿತ್ತು, ಮೂರನೆಯದು ತೆಗೆದಿತ್ತು. ಮುರುಡೇಶ್ವರ ಆಗಲಿಲ್ಲ.

ಹಳೇ ಲಾರಿ
👍

ಟಯರ್ ಪುರಾಣ
ನಗಲ್ಲ. ಬೈತೇನೆ. ಎಡಗಡೆ ವೈಪರ್ ಸರಿ ಇತ್ತಲ್ಲ? ಅದರ ಬ್ಲೇಡ್ ಬಿಚ್ಚಿ ಬಲಗಡೆ ಹಾಕಬೇಕಿತ್ತು. ಸ್ವಲ್ಪ ಗಿಡ್ಡ ಇರುತ್ತೆ, ಆದರೆ ಕೊಕ್ಕೆ ಒಂದೇ ಥರದ್ದು. ಎರಡು ನಿಮಿಷದ ಕೆಲಸ. ಹೊಗೆಸೊಪ್ಪು ನಂಬಿ ಹೆದ್ದಾರಿಗೆ ಇಳಿದಿದ್ದೀರಿ, ಪಕ್ಕದಲ್ಲಿ ಅಮ್ಮ.

ಬೆಣ್ಣೆದೋಸೆ
ಅಯ್ಯೋ. ಎರಡು ಗಂಟೆ ಅದರ ಮುಂದೆಯೇ ಕೂತಿದ್ದೆ, ಹೊಳೆಯಲೇ ಇಲ್ಲ.

ಮಳೆಹುಚ್ಚಿ
ಹೊಳೆಯದಿದ್ದದ್ದೇ ಒಳ್ಳೇದಾಯ್ತು. ಹೊಳೆದಿದ್ದರೆ ಹತ್ತು ನಿಮಿಷದಲ್ಲಿ ಹೊರಟುಬಿಡ್ತಿದ್ದಿರಿ.

ಟಯರ್ ಪುರಾಣ
ಇಂಥ ಮಾತಿನಿಂದಲೇ ಜನ ವೈಪರ್ ಬದಲಾಯಿಸಲ್ಲ.

ಗಾಜಿನ ಮನೆ
ಹೊಗೆಸೊಪ್ಪಿನ ಜಿಡ್ಡು ಒಣಗಿದರೆ ರಾತ್ರಿ ಎದುರಿನ ಲೈಟಿಗೆ ಗಾಜು ಮಬ್ಬಾಗಿ ಕಾಣುತ್ತೆ. ಸೋಪಿನ ನೀರಲ್ಲಿ ತೊಳೆಯಿರಿ, ಇಲ್ಲದಿದ್ದರೆ ಹೊಸ ವೈಪರೂ ಕಿರ್ ಅನ್ನುತ್ತೆ.

ಬಂಗುಡೆ
ಊಟ ಎಲ್ಲಿ ಮಾಡಿದ್ರಿ? 😏

ಬೆಣ್ಣೆದೋಸೆ
ಸಸ್ಯಾಹಾರಿ ಹೋಟೆಲಲ್ಲಿ. ಅಲ್ಲಿ ಪತ್ರೊಡೆ ಸಿಕ್ಕಿತು! ಅಮ್ಮ ಎರಡು ಪ್ಲೇಟ್ ತಿಂದರು. ಬೆಲ್ಲ ಜಾಸ್ತಿಯಾ ಕಮ್ಮಿಯಾ ಅಂತ ನಾನು ಹೇಳಲ್ಲ, ಇಲ್ಲಿ ಯುದ್ಧ ಆಗುತ್ತೆ.

ಕುಂದಾಪ್ರದ ಮಾಣಿ
ಕುಂದಾಪುರದ್ದು ಅಂದರೆ ಕಮ್ಮಿಯೇ ಇರುತ್ತೆ. ಯುದ್ಧ ಮುಗೀತು.

ಸುರತ್ಕಲ್ ಸುಬ್ಬಿ
ಗಂಟಲು ತುರಿಸಿತಾ ಕೇಳಿ ಅಮ್ಮನನ್ನ.

ಬೆಣ್ಣೆದೋಸೆ
ಅಮ್ಮನನ್ನೇ ಕೇಳಿದೆ. ಗಂಟಲಿನ ವಿಷಯಕ್ಕೆ ಉತ್ತರ ಇಲ್ಲ. ಅವರ ಪ್ರಶ್ನೆ ಬೇರೆ: ಕೆಸುವಿನ ಗಡ್ಡೆ ತಗೊಂಡು ಹೋಗಿ ನಮ್ಮೂರ ಬಚ್ಚಲ ನೀರು ಹೋಗುವ ಕಡೆ ಹಾಕಿದರೆ ಬರುತ್ತಾ?

ಮಲ್ಪೆ ಮಾಮಿ
ಬರುತ್ತೆ. ನೆರಳಲ್ಲಿ ಹಾಕಲು ಹೇಳಿ, ನೀರು ತಪ್ಪಿಸಬಾರದು. ಗಡ್ಡೆ ನಾನು ಕೊಡ್ತೇನೆ. ಮುಂದಿನ ವಾರ ಈ ಕಡೆ ಬಂದರೆ ಒಂದು ಮಾತು ತಿಳಿಸಿ.